ಬೋರ್ಡಣ್ಣ ಬರೆದ ಶಿಕ್ಷೆ

ಬೀದಿಯವರೆಲ್ಲ ಅವನನ್ನು ಬೋರ್ಡಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಗುರುತಿನ ಚೀಟಿಯಲ್ಲಿ ತೆಪ್ಪಗೆ ಮಲಗಿತ್ತು. ಮೂವತ್ತು ವರ್ಷದಿಂದ ನಗರಸಭೆಯ ಬೋರ್ಡುಗಳನ್ನು ಬರೆಯುತ್ತಿದ್ದವನು ಅವನೇ. ವಾಹನ ನಿಲ್ಲಿಸಬಾರದು, ಕಸ ಹಾಕಬಾರದು, ಹುಲ್ಲಿನ ಮೇಲೆ ನಡೆಯಬಾರದು... ಊರಿನಲ್ಲಿ ಏನೇನು ಮಾಡಬಾರದೋ ಅದೆಲ್ಲ ಅವನ ಕುಂಚದಿಂದಲೇ ಇಳಿದದ್ದು. ಬರೆದೂ ಬರೆದೂ ತಾನು ಅರ್ಧ ವಕೀಲನೆಂಬ ಭಾವನೆ ಅವನಿಗೆ ಬಂದುಬಿಟ್ಟಿತ್ತು. ಗೋಡೆ ಜಗಳವಿರಲಿ, ನಲ್ಲಿ ಜಗಳವಿರಲಿ, "ಬೋರ್ಡಣ್ಣನ್ನ ಕೇಳಿ" ಎನ್ನುತ್ತಿದ್ದರು ಜನ. ಅವನೂ ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುತ್ತಿದ್ದ.

ಅವನಿಗೊಂದು ಅಭ್ಯಾಸವಿತ್ತು. ಯಾವ ನಿಷೇಧದ ಬೋರ್ಡಾದರೂ ಸರಿ, ಕೆಳಗಡೆ ಕೆಂಪು ಬಣ್ಣದಲ್ಲಿ ‘ತಪ್ಪಿದವರಿಗೆ ಶಿಕ್ಷೆ’ ಎಂದು ಒಂದು ಸಾಲು ಸೇರಿಸುತ್ತಿದ್ದ. ಕೊಟ್ಟ ಕಾಗದದಲ್ಲಿ ಅದು ಇರಲಿ, ಬಿಡಲಿ. ಅದಿಲ್ಲದಿದ್ದರೆ ಬೋರ್ಡು ಉಪ್ಪಿಲ್ಲದ ಅಡುಗೆಯ ಹಾಗೆ ಸಪ್ಪೆ ಎನ್ನುತ್ತಿದ್ದ. ಅಷ್ಟು ವರ್ಷದಲ್ಲಿ ಒಬ್ಬ ಅಧಿಕಾರಿಯೂ ಇದೇನೆಂದು ಕೇಳಿರಲಿಲ್ಲ.

ಜ್ವರ ಊರಿಗೆ ಕಾಲಿಟ್ಟ ವರ್ಷ ನಗರಸಭೆಯ ಗುಮಾಸ್ತ ನಾಲ್ಕು ಪುಟದ ಕಾಗದ ಹಿಡಿದು ಓಡಿಬಂದ. ಆಸ್ಪತ್ರೆಯ ಗೇಟಿಗೆ ಸಂಜೆಯೊಳಗೆ ಬೋರ್ಡು ಬೇಕಂತೆ. ‘ಸಾರ್ವಜನಿಕರು ರೋಗಿಗಳನ್ನು ನೋಡಲು ಆದಷ್ಟು ಬಾರದಿರುವುದು ಒಳಿತೆಂದು ಈ ಮೂಲಕ ತಿಳಿಸಲಾಗಿದೆ’ ಎಂದು ಶುರುವಾದ ಆ ಕಾಗದ ಉಗುರು ಕತ್ತರಿಸಿಕೊಳ್ಳುವ ಸಲಹೆಯ ತನಕ ಹೋಗಿತ್ತು.

"ಇಷ್ಟುದ್ದ ಬರೆದ್ರೆ ಬೋರ್ಡು ಗೇಟಿಗಿಂತ ದೊಡ್ಡದಾಗುತ್ತೆ ಸಾರ್" ಎಂದ ಬೋರ್ಡಣ್ಣ.

"ನಿಂಗೆ ನಾನು ಹೇಳಿಕೊಡ್ಬೇಕೇನಯ್ಯಾ? ಜನ ಬರಬಾರ್ದು, ಅಷ್ಟೆ. ಚಿಕ್ಕದಾಗಿ ಬರಿ."

‘ರೋಗಿಗಳ ಭೇಟಿ ನಿಷೇಧಿಸಲಾಗಿದೆ’ ಎಂದು ಅವನು ಬರೆದ. ಕೈ ತನ್ನ ಪಾಡಿಗೆ ತಾನು ಕೆಂಪು ಡಬ್ಬಿಗೆ ಹೋಯಿತು.

ಹದಿನೈದು ದಿನಕ್ಕೆ ಅವನ ಅತ್ತೆಗೇ ಜ್ವರ ಹತ್ತಿತು. ಹೆಂಡತಿ ಅವರಿಗೆ ಒಬ್ಬಳೇ ಮಗಳು. ಅಮ್ಮನನ್ನು ಆಂಬುಲೆನ್ಸಿಗೆ ಹತ್ತಿಸಿದ ಮರುದಿನವೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

"ಬಾಗಿಲಲ್ಲಿ ನಿಂತಾದ್ರೂ ನೋಡ್ಕೊಂಡು ಬರ್ತೀನಿ ಕಣ್ರೀ."

"ಆ ಬೋರ್ಡು ನಾನೇ ಬರ್ದಿದ್ದು ಕಣೇ, ನಂಗೆ ಗೊತ್ತಿಲ್ವಾ? ಹಿಡಿದು ಒಳಗೆ ಹಾಕ್ತಾರೆ. ಬೋರ್ಡಣ್ಣನ ಹೆಂಡ್ತಿನೇ ಹೀಗೆ ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಿ?"

ಅವಳು ಚಪ್ಪಲಿ ಬಿಚ್ಚಿದಳು. ಗಂಡನ ಮಾತನ್ನು ಕಣ್ಣು ಮುಚ್ಚಿ ನಂಬಿದಳು. ನಿಜ ಹೇಳಬೇಕೆಂದರೆ ಅವನೂ ನಂಬಿದ್ದ. ಇಷ್ಟು ದೊಡ್ಡ ಜ್ವರಕ್ಕೆ ಸರ್ಕಾರ ಒಂದಾದರೂ ಶಿಕ್ಷೆ ಇಟ್ಟಿರದೇ ಇರುತ್ತದೆಯೇ ಎಂದುಕೊಂಡಿದ್ದ. ದಿನಾ ಮಧ್ಯಾಹ್ನ ನರ್ಸೊಬ್ಬಳು ಮುದುಕಿಯ ಕಿವಿಗೆ ಫೋನು ಹಿಡಿಯುತ್ತಿದ್ದಳು, ಐದೇ ನಿಮಿಷ. ಹತ್ತನೆಯ ದಿನ ಫೋನು ಬೆಳಿಗ್ಗೆಯೇ ಬಂತು. ಎಲ್ಲ ಮುಗಿದಿತ್ತು.

ಜ್ವರ ಊರು ಬಿಟ್ಟು ಮೂರು ತಿಂಗಳಾದ ಮೇಲೆ, ಪಕ್ಕದ ಮನೆಯ ಟೈಲರಕ್ಕ ಗುಂಡಿ ಹೊಲಿಯುತ್ತ ಅವನೊಡನೆ ಮಾತಿಗೆ ಕೂತಿದ್ದಳು. ಅವಳ ಗಂಡ ಸತ್ತದ್ದೂ ಅದೇ ಜ್ವರದಲ್ಲಿ, ಅದೇ ಆಸ್ಪತ್ರೆಯಲ್ಲಿ.

"ಕೊನೇ ದಿನ ನನ್ನ ಕೈಯಿಂದ್ಲೇ ಎರಡು ಗುಟುಕು ನೀರು ಕುಡಿದ್ರು. ಅದೊಂದೇ ಸಮಾಧಾನ" ಎಂದಳು.

"ನಿನ್ನನ್ನ ಒಳಗೆ ಹೇಗೆ ಬಿಟ್ರಕ್ಕಾ?"

"ಬಿಡಲ್ಲ ಅಂದ ಗೇಟಿನವನು. ಯಾವ ಕಾನೂನು, ಕಾಗದ ತೋರ್ಸು ಅಂತ ಅಲ್ಲೇ ಕೂತೆ. ಯಾರನ್ನೋ ಕೇಳ್ಕೊಂಡು ಬಂದು, ಬಾಯಿಗೆ ಬಟ್ಟೆ ಕಟ್ಕೊಂಡು ಹೋಗಮ್ಮಾ ಅಂದ. ದಿನಾ ಹೋಗ್ತಿದ್ದೆ. ನೀವು ಬೈತೀರಿ ಅಂತ ಹೇಳ್ಲಿಲ್ಲ."

ಬೋರ್ಡಣ್ಣ ಎದ್ದವನು ನೆಟ್ಟಗೆ ನಗರಸಭೆಗೆ ಹೋದ. ಗುಮಾಸ್ತ ಊಟದ ಡಬ್ಬಿ ಮುಚ್ಚುತ್ತಿದ್ದ. ಆಸ್ಪತ್ರೆ ಬೋರ್ಡಿನ ಕಾನೂನು ಯಾವುದು, ಶಿಕ್ಷೆ ಎಷ್ಟು ಎಂದು ಇವನು ಕೇಳಿದ.

"ಅದು ಬರೀ ಸಲಹೆ ಕಣಯ್ಯಾ, ಕಾನೂನಲ್ಲ. ಮನೆಯವರು ಒಬ್ಬೊಬ್ಬರೇ ಹೋಗಿ ನೋಡೋಕೆ ಯಾವ ಅಡ್ಡಿನೂ ಇರ್ಲಿಲ್ಲ, ಆ ಕಾಗದದಲ್ಲೇ ಇತ್ತಲ್ಲ. ಶಿಕ್ಷೆನಾ? ಯಾವ ಶಿಕ್ಷೆ? ಅದೆಲ್ಲಿಂದ ತಂದೆ ನೀನು?" ಎಂದ. ಆಮೇಲೆ ಅವನ ಮುಖ ನೋಡಿ, "ಹೋಗ್ಲಿ ಬಿಡು, ಜನ ಹೆದರಿದ್ರು, ಒಳ್ಳೇದೇ ಆಯ್ತಲ್ಲ" ಎಂದು ಬೆನ್ನು ತಟ್ಟಿದ.

ಗುಮಾಸ್ತನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಯಾವ ಬಾಯಿಂದ ಜಗಳವಾಡುವುದು? ನಾಲ್ಕು ಪುಟದ ಕಾಗದ ಅವತ್ತು ಇಡೀ ಮಧ್ಯಾಹ್ನ ಅವನ ಕೈಯಲ್ಲೇ ಇತ್ತು. ಓದಿದ್ದು ಮೊದಲ ಸಾಲು ಮಾತ್ರ. ಸುಮ್ಮನಿದ್ದರೆ ಹೆಂಡತಿಗೆ ಎಂದೂ ತಿಳಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸು ಹೇಳುತ್ತಲೇ ಇತ್ತು. ಮನೆ ಬಾಗಿಲ ತನಕ ಹಾಗೆಯೇ ಅಂದುಕೊಂಡು ಬಂದ.

ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಎದುರಿಗೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೈ ಮಾತ್ರ ನಿಂತಿತು. ಎರಡೇಟು ಹೊಡೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಏನಾದ್ರೂ ಅನ್ನೇ" ಎಂದ.

"ಮೊದಲೆರಡು ದಿನ ಅಮ್ಮ ಫೋನಲ್ಲಿ ಕೇಳಿದ್ಲು, ಯಾವಾಗ ಬರ್ತೀಯಾ ಅಂತ. ಬಂದ್ರೆ ಹಿಡಿದು ಒಳಗೆ ಹಾಕ್ತಾರಂತೆ ಕಣಮ್ಮಾ ಅಂದೆ" ಎಂದಳು ಅವಳು. "ಆಮೇಲೆ ಕೇಳೋದೇ ಬಿಟ್ಲು. ‘ಬರಬೇಡ ಕಣೇ, ಅಳಿಯಂದ್ರು ತಿಳಿದವರು, ಅವರು ಹೇಳಿದ ಹಾಗೆ ಕೇಳು’ ಅಂತ ಕೊನೇ ದಿನದ ತನಕ ನಂಗೇ ಸಮಾಧಾನ ಹೇಳಿದ್ಲು."