ಹದಿನಾಲ್ಕು ಮುಖಗಳ ಗೋಡೆ

ಮೂಡಿಗೆರೆಯ ನಮ್ಮ ಬೀದಿಯಲ್ಲಿ ವರ್ಷಕ್ಕೊಮ್ಮೆ ಕಲಾ ಹಬ್ಬ ಮಾಡುತ್ತೇವೆ. ವೇದಿಕೆ, ಮೈಕು ಏನೂ ಇಲ್ಲ. ಯಾರಿಗೆ ಏನು ಬರುತ್ತದೋ ಅದನ್ನು ಅವರವರ ಕಾಂಪೌಂಡಿಗೆ ತೂಗುಹಾಕುವುದು, ಅಷ್ಟೇ. ಆ ವರ್ಷ ನಾನು ಮೊಬೈಲಿನಲ್ಲಿ ನೋಡಿ ನೋಡಿ ಪ್ಲಾಸ್ಟರ್ ಎರಕ ಕಲಿತಿದ್ದೆ. ಬೀದಿಯ ಹದಿನಾಲ್ಕು ಜನರನ್ನು ಒಬ್ಬೊಬ್ಬರಾಗಿ ಮಲಗಿಸಿ, ಮುಖಕ್ಕೆ ಎಣ್ಣೆ ಸವರಿ ಅಚ್ಚು ತೆಗೆದಿದ್ದೆ. ಸುಮ್ಮನೆ ಮಲಗದವರೆಂದರೆ ಎದುರುಮನೆಯ ಟೈಲರ್ ಮಾವ ಒಬ್ಬರೇ.

“ಕಣ್ಣು ಮುಚ್ಸಿದೀಯ, ಬಿಡ್ಸೋದು ಮರೀಬೇಡ ಮಾರಾಯ್ತಿ!”

ಹಬ್ಬದ ಹಿಂದಿನ ದಿನ ಎಲ್ಲ ಮುಖಗಳನ್ನೂ ನಮ್ಮ ಗೋಡೆಗೆ ಹಾಕಿದೆ. ಅದೇ ಸಂಜೆ ಮಾವ ಹೊಲಿಗೆ ಮೆಷಿನ್ನಿನ ಮೇಲೆ ಕುಸಿದುಬಿದ್ದರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಹಾಸನಕ್ಕೆ ಕರೆದೊಯ್ದರು.

ಬೆಳಿಗ್ಗೆ ಮಂಜು ಬೀದಿಗೇ ಇಳಿದಿತ್ತು. ಗೋಡೆ ಕಾಣುತ್ತಿರಲಿಲ್ಲ, ಬಿಳಿ ಮುಖಗಳು ಮಾತ್ರ ತೇಲುತ್ತಿದ್ದವು. ಎಲ್ಲವುಗಳ ಕಣ್ಣೂ ಮುಚ್ಚಿತ್ತು. ಅದು ನನಗೆ ಹೊಳೆದದ್ದೇ ಆಗ. ನೋಡಲು ಬಂದವರು ದನಿ ತಗ್ಗಿಸಿದರು. ಒಬ್ಬರಂತೂ ತಮಗೇ ತಿಳಿಯದೆ ಚಪ್ಪಲಿ ಬಿಟ್ಟು ನಿಂತರು.

“ಏನೇ, ನನ್ನನ್ನ ಈಗ್ಲೇ ಕಳಿಸಿಬಿಟ್ಯಾ?” ಎಂದರು ಅಂಗಡಿಯ ಅಜ್ಜಿ, ತಮ್ಮದೇ ಮುಖ ನೋಡಿ. ಯಾರೂ ನಗಲಿಲ್ಲ.

“ಟೈಲರ್‌ದಾದ್ರೂ ತೆಗೀಬಾರ್ದಾ?” ಎಂದು ಅಪ್ಪ ಪಿಸುಗುಟ್ಟಿದರು.

“ಈಗ ತೆಗೆದ್ರೆ ಏನು ಅರ್ಥ ಬರುತ್ತೆ, ಯೋಚ್ನೆ ಮಾಡಿ,” ಎಂದರು ಅಜ್ಜಿ.

ನಾನು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಮಾವನ ಮುಖದ ಕೆಳಗೆ ಯಾರೋ ಎರಡು ದಾಸವಾಳ ಇಟ್ಟಿದ್ದರು. ಅವನ್ನು ಎತ್ತಿಕೊಳ್ಳುವಷ್ಟರಲ್ಲಿ ಅತ್ತೆ, ಅಂದರೆ ಮಾವನ ಹೆಂಡತಿ, ಬಟ್ಟೆ ಒಯ್ಯಲೆಂದು ಆಸ್ಪತ್ರೆಯಿಂದ ಬಂದಿಳಿದರು. ಹೂವನ್ನು ಕಂಡರು. ಚರಂಡಿಗೆ ಎಸೆದರು.

“ಅವ್ರಿನ್ನೂ ಕಣ್ಣು ಬಿಟ್ಟಿಲ್ಲ. ಮುಚ್ಚಿಸಿದ್ದು ನೀನಲ್ವಾ? ಬಿಡ್ಸು.”

ಕಪ್ಪು ಬಣ್ಣ, ಸಣ್ಣ ಕುಂಚ ತಂದೆ. ಮುಚ್ಚಿದ ರೆಪ್ಪೆಯ ಮೇಲೆಯೇ ಕಣ್ಣು ಬರೆಯಬೇಕಿತ್ತು. ಬಲಗಣ್ಣು ಚೆನ್ನಾಗಿಯೇ ಬಂತು. ಎಡಗಣ್ಣಿನ ಹೊತ್ತಿಗೆ ಮಂಜಿನ ಪಸೆಗೆ ಬಣ್ಣ ಹರಡಿ ರೆಪ್ಪೆ ಅರ್ಧ ಜಾರಿದಂತಾಯಿತು. ಒರೆಸಿ ಮತ್ತೆ ಬರೆಯುತ್ತೇನೆ ಎಂದೆ. ಅತ್ತೆಗೆ ಬಸ್ಸಿನ ಹೊತ್ತಾಗಿತ್ತು. “ಸಾಕು, ಇಷ್ಟಾದ್ರೂ ಆಯ್ತಲ್ಲ,” ಎಂದು ಹೊರಟೇಬಿಟ್ಟರು.

ಆಮೇಲೆ ಜನ ರಸ್ತೆಯ ಆಚೆ ಬದಿ ಹಿಡಿದೇ ಓಡಾಡಿದರು. ಹದಿಮೂರು ಮುಖಗಳು ನಿದ್ದೆಯಲ್ಲಿದ್ದವು, ಒಂದಕ್ಕೆ ಮಾತ್ರ ಎಚ್ಚರವಾಗಿತ್ತು.

ಹಬ್ಬ ಮುಗಿದ ಮೇಲೆ ಉಳಿದವರೆಲ್ಲ ತಂತಮ್ಮ ಮುಖ ಒಯ್ದರು. ಮಾವನದನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ತಿಂಗಳ ಮೇಲೆ ಅವರು ಮನೆಗೆ ಬಂದರು. ನಡೆಯುತ್ತಿದ್ದರು, ಮಾತಾಡುತ್ತಿದ್ದರು. ಎಡಗಣ್ಣಿನ ರೆಪ್ಪೆ ಮಾತ್ರ ಅರ್ಧಕ್ಕೆ ಜಾರಿತ್ತು. ಅತ್ತೆಯ ಜೊತೆ ನಮ್ಮ ಗೋಡೆಯ ಮುಂದೆ ಬಂದು ತಮ್ಮ ಮುಖ ನೋಡಿದರು.

“ನೀನು ಬಿಡ್ಸಿದಷ್ಟೇ ಬಿಡ್ತು ನೋಡು, ಮಾರಾಯ್ತಿ. ಇನ್ನು ಸೂಜಿಗೆ ದಾರ ಒಂದೇ ಕಣ್ಣಲ್ಲಿ ಪೋಣಿಸ್ಬೇಕು.”

ನಾನು ಒಳಗೋಡಿ ಕುಂಚ ತಂದೆ. “ಐದೇ ನಿಮಿಷ ಮಾವ, ಸರಿ ಮಾಡ್ತೀನಿ.”

ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿಯೇ ಹಿಡಿದಿದ್ದರು.

“ಮುಟ್ಬೇಡ. ಸರಿಯಿರೋ ಬಲಗಣ್ಣು ಪಕ್ಕದಲ್ಲೇ ಇದೆ.”