ನಾಣ್ಯ ಓಡದ ಬಾಗಿಲು

ನಮ್ಮ ವಾಟ್ಸಾಪ್ ಗುಂಪಿನಲ್ಲಿ ನನಗೆ ನಾಣ್ಯದ ಮೇಷ್ಟ್ರು ಎಂದು ಹೆಸರು. ಗುಂಪಿನಲ್ಲಿರುವವರೆಲ್ಲ ಹವ್ಯಾಸಕ್ಕೆ ಮರಗೆಲಸ ಮಾಡುವವರು, ಎಲ್ಲರೂ ಮೈಸೂರಿನವರೇ. ಒಬ್ಬರು ಹಲ್ಲಿನ ಡಾಕ್ಟರು, ಇಬ್ಬರು ಬ್ಯಾಂಕಿನವರು, ಒಬ್ಬರು ಕಾಲೇಜಿನ ಮೇಡಂ. ಉಳಿದವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೋ ನನಗೆ ತಿಳಿಯದು. ಅವರು ಮಾಡಿದ ಸ್ಟೂಲು ಯಾಕೆ ಕುಂಟುತ್ತದೆ ಎಂಬುದಷ್ಟೇ ಗೊತ್ತು. ಯಾರಾದರೂ ಬಾಗಿಲನ್ನೋ ಕಪಾಟನ್ನೋ ಮಾಡಿ ಹೆಮ್ಮೆಯಿಂದ ಫೋಟೊ ಹಾಕಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ನಾಣ್ಯ ಓಡುತ್ತಾ?

ಇದು ನನ್ನ ಸ್ವಂತ ಬುದ್ಧಿಯಲ್ಲ. ನಮ್ಮ ಅಗ್ರಹಾರದಲ್ಲೇ ಎರಡು ಬೀದಿ ಆಚೆ ಒಬ್ಬ ಹಳೆಯ ಬಡಗಿ ಇದ್ದಾರೆ. ಊರಿಗೆಲ್ಲ ಅವರು ಆಚಾರ್ರು, ಫೋನು ಇಟ್ಟುಕೊಂಡವರಲ್ಲ. ಬೇಸಿಗೆಯಲ್ಲಿ ಬಾಗಿಲು ಕೂರಿಸಿದ ಮೇಲೆ ಅವರು ಜೇಬಿನಿಂದ ಒಂದು ಸವೆದ ರೂಪಾಯಿ ನಾಣ್ಯ ತೆಗೆದು, ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿನಲ್ಲಿ ಸುತ್ತ ಓಡಿಸುತ್ತಾರೆ. ಎಲ್ಲೂ ತಡೆಯದೆ ಓಡಿದರೆ ಕೆಲಸ ಮುಗಿಯಿತು. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಇನ್ನಷ್ಟು ಹೆರೆಯಬೇಕು. ಮಳೆ ಹಿಡಿದಾಗ ಮರ ನೀರು ಕುಡಿದು ಅಡ್ಡಡ್ಡಲಾಗಿ ಉಬ್ಬುತ್ತದೆ, ಅದಕ್ಕೆ ಉಬ್ಬಲು ಜಾಗ ಬೇಕು. ಮರ ಕಡಿದರೂ ಅದರ ಉಸಿರು ನಿಲ್ಲೋದಿಲ್ಲ ಸ್ವಾಮಿ ಎಂದು ಆಚಾರ್ರು ಹೇಳಿದ್ದನ್ನು ನಾನು ಗುಂಪಿನಲ್ಲಿ ನೂರು ಸಲ ಬರೆದಿದ್ದೇನೆ, ಪ್ರತಿ ಸಲವೂ ನನ್ನದೇ ಮಾತು ಎಂಬಂತೆ.

ಇಂಥ ನಾನು ಒಂದು ಬಾಗಿಲು ಮಾಡಿದೆ. ಅದಕ್ಕೆ ನಾಣ್ಯ ಓಡುತ್ತಿರಲಿಲ್ಲ. ಬೇಕೆಂದೇ ಹಾಗೆ ಮಾಡಿದ್ದೆ.

ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಅಕ್ಕ. ನಾನು ಮದುವೆಯಾಗಲಿಲ್ಲ, ಅಕ್ಕನಿಗೆ ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ಅವಳಿಗೆ ಜೊತೆಯಾಗಲಿ ಎಂದು ನನ್ನ ಬಾಡಿಗೆ ಕೋಣೆ ಬಿಟ್ಟು ಬಂದೆ. ಪಠ್ಯಪುಸ್ತಕಗಳ ಪ್ರೂಫ್ ತಿದ್ದುವುದು ನನ್ನ ಕೆಲಸ. ಅದನ್ನು ಎಲ್ಲಿ ಕೂತಾದರೂ ಮಾಡಬಹುದು. ಹಾಗಾಗಿ ಬರುವಾಗ ಏನೂ ಕಳೆದುಕೊಂಡಂತೆ ಅನಿಸಲಿಲ್ಲ. ಆ ವರ್ಷವೇ ಒಂದು ದಿನ ಅಕ್ಕ ದೇವರಾಜ ಮಾರುಕಟ್ಟೆಯಲ್ಲಿ, ಹೂವಿನ ಸಾಲಿನ ಜನಜಂಗುಳಿಯಲ್ಲಿ, ನನ್ನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದಳು. ಎಲ್ಲ ಪರೀಕ್ಷೆಗಳೂ ಆದವು. ಎದೆಗೆ ಏನೂ ಆಗಿಲ್ಲ, ಇದು ಭಯ, ದಿನಕ್ಕೆ ನಾಲ್ಕು ಹೆಜ್ಜೆಯಾದರೂ ಹೊರಗೆ ನಡೆಸಿ ಎಂದರು ಡಾಕ್ಟರು. ಅಕ್ಕ ಆಮೇಲೆ ಹೊಸ್ತಿಲು ದಾಟಲಿಲ್ಲ. ಮನೆಯೊಳಗೆ ಒಬ್ಬಳೇ ಇರುವುದೂ ಅವಳಿಂದ ಆಗಲಿಲ್ಲ. ನಾನು ಮೂಲೆಯ ಅಂಗಡಿಗೆ ಹಾಲಿಗೆ ಹೋಗಿ ಬರುವ ಹತ್ತು ನಿಮಿಷದಲ್ಲಿ ಬೆವರಿ ತೊಪ್ಪೆಯಾಗಿರುತ್ತಿದ್ದಳು. ಕೊನೆಗೆ ಹಾಲೂ ತರಕಾರಿಯೂ ಮನೆಗೇ ಬರತೊಡಗಿದವು, ನಾನು ಒಳಗೇ ಉಳಿದೆ. ಮೂರು ವರ್ಷ ಹೀಗೆ ಹೋಯಿತು.

ನಾನು ಮನೆಯಲ್ಲೇ ಇದ್ದೇನೆಂಬ ನಂಬಿಕೆಯೂ ಅವಳಿಗೆ ಕಾಲು ಗಂಟೆಗಿಂತ ಹೆಚ್ಚು ಬಾಳಿಕೆ ಬರುತ್ತಿರಲಿಲ್ಲ. ಅಡುಗೆಮನೆಯಿಂದ ಕೂಗುವಳು: "ಇದ್ದೀಯೇನೋ?" ನಾನು ಇದ್ದೀನಿ ಎನ್ನಬೇಕು. ಸ್ನಾನ ಮಾಡುವಾಗಲೂ ಇದ್ದೀನಿ, ಫೋನಿನಲ್ಲಿ ಮಾತಾಡುವಾಗಲೂ ಇದ್ದೀನಿ. ಒಮ್ಮೊಮ್ಮೆ ನಾನು ನಿಜವಾಗಿ ಇದ್ದೀನೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತಿತ್ತು. ಅಕ್ಕನ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು. ಮರಗೆಲಸ ಹಿಡಿದದ್ದು ಆಗಲೇ. ಊಟದ ಮನೆಯ ಪಕ್ಕದಲ್ಲಿ ಹಿಂದೆ ಸೌದೆ ಒಟ್ಟುತ್ತಿದ್ದ ಒಂದು ಕೋಣೆ ಇದೆ. ಎರಡು ಚಾಪೆ ಹಾಸಿದರೆ ತುಂಬಿಹೋಗುವಷ್ಟು ಅಗಲ, ಮೇಲೆ ಸರಳು ಹಾಕಿದ ಒಂದು ಗವಾಕ್ಷಿ. ಅಲ್ಲಿ ಒಂದು ಬೆಂಚು ಹಾಕಿಕೊಂಡೆ. ಆಚಾರ್ರು ಸಂಜೆ ಬಂದು ಕಾಫಿ ಕುಡಿಯುತ್ತ ಉಳಿ ಮಸೆಯುವುದು ಕಲಿಸಿದರು.

ಹೊಸಬರು ಯಾವ ಉಪಕರಣ ಕೊಳ್ಳಲಿ ಎಂದು ಗುಂಪಿನಲ್ಲಿ ಕೇಳಿದಾಗ ನಾನು ಹೇಳುವುದು ಇಷ್ಟೇ: ಮೊದಲು ಒಂದು ಒಳ್ಳೆಯ ಮಸೆಗಲ್ಲು ತಗೊಳ್ಳಿ. ಮೊಂಡು ಉಳಿ ಮರಕ್ಕಿಂತ ಬೆರಳನ್ನು ಬೇಗ ಕೊಯ್ಯುತ್ತದೆ. ಮೊಂಡಾದದ್ದಕ್ಕೆ ನಾವು ಹೆಚ್ಚು ಬಲ ಹಾಕುತ್ತೇವೆ, ಅಷ್ಟೇ ಕಾರಣ. ಇನ್ನೊಂದು, ಒಂದು ತುಂಡಿಗೆ ಇನ್ನೊಂದನ್ನು ಕೂಡಿಸುವಾಗ ಟೇಪಿನ ಲೆಕ್ಕ ನಂಬಬೇಡಿ, ತುಂಡಿನ ಮೇಲೆ ತುಂಡಿಟ್ಟು ಗೀಟು ಹಾಕಿ. ಹೀಗೆ ಬರೆದಾಗ ಅತ್ತ ಕಡೆಯಿಂದ ಕೈಮುಗಿದ ಚಿತ್ರಗಳು ಬರುತ್ತವೆ. ಜಗತ್ತಿನಲ್ಲಿ ನನ್ನ ಮಾತು ನಡೆಯುತ್ತಿದ್ದುದು ಅಲ್ಲಿ ಮಾತ್ರ.

ಆದರೆ ಕೋಣೆಗೆ ಬಾಗಿಲಿರಲಿಲ್ಲ. ಉಳಿ ಗೀಟಿನ ಮೇಲೆ ಇಟ್ಟು ಮರದ ಕೊಡತಿ ಎತ್ತಿದ ಹೊತ್ತಿಗೇ ಇದ್ದೀಯೇನೋ ಎಂಬ ಕೂಗು ಕೇಳುತ್ತಿತ್ತು. ಎಡ ಹೆಬ್ಬೆರಳಿನ ಮೇಲಿನ ಗಾಯದ ಗುರುತು ಅಂಥ ಒಂದು ಕೂಗಿನದು. ದೂಳು ಅಡುಗೆಮನೆಗೆ ಬರುತ್ತೆ, ಬಾಗಿಲು ಮಾಡುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ಚಿಲಕ ಹಾಕಬಾರದು ಎಂಬ ಒಂದೇ ಷರತ್ತು ಇಟ್ಟಳು. ಒಪ್ಪಿದೆ. ಮಾರ್ಚ್ ತಿಂಗಳ ಒಣಹವೆಯಲ್ಲಿ, ಮತ್ತಿ ಮರದ ಅಗಲ ಹಲಗೆಗಳನ್ನು ತರಿಸಿ ಕೆಲಸ ಶುರು ಮಾಡಿದೆ. ಕೂರಿಸುವ ದಿನ ಜೇಬಿನಲ್ಲಿ ನಾಣ್ಯ ಇತ್ತು, ತೆಗೆಯಲಿಲ್ಲ. ನಾಣ್ಯ ಓಡುವ ಸಂದಿನಲ್ಲಿ ಅಕ್ಕನ ಧ್ವನಿಯೂ ಓಡಿ ಬರುತ್ತದೆ. ಚೌಕಟ್ಟಿಗೆ ಕಾಗದ ತೂರದಷ್ಟು ಬಿಗಿಯಾಗಿ ಬಾಗಿಲನ್ನು ಕೂರಿಸಿದೆ. ಹೊರಕ್ಕೆ ತೆರೆಯುವ ಬಾಗಿಲು, ಕೀಲೆಲ್ಲ ಹೊರಗಡೆ. ಒಳಗೆ ನಿಂತು ಎಳೆದುಕೊಂಡಾಗ ಡಬ್ಬಿಯ ಮುಚ್ಚಳ ಹಾಕಿದ ಹಾಗೆ ಸದ್ದೆಲ್ಲ ನಿಂತಿತು. ಬೆಂಚಿಗೆ ಒರಗಿಕೊಂಡು ಆ ಮೌನವನ್ನು ಕೇಳಿಸಿಕೊಂಡೆ. ಚಿಲಕ ಹಾಕುವುದಿಲ್ಲ ಎಂಬ ಮಾತು ಉಳಿಸಿಕೊಂಡೇ ಅಕ್ಕನಿಗೆ ಮೋಸ ಮಾಡಿದ್ದೆ.

ಮಳೆಗಾಲ ಬಂತು. ಆ ವಾರವೆಲ್ಲ ಜಡಿ ಮಳೆ, ಒಗೆದ ಬಟ್ಟೆ ಒಣಗಲಿಲ್ಲ. ತುಕ್ಕು ಹಿಡಿಯುತ್ತದೆಂದು ಉಳಿ, ಗರಗಸ, ಮರ ಹೆರೆಯುವ ತೋಪಡ ಎಲ್ಲಕ್ಕೂ ಎಣ್ಣೆ ಸವರಿ ಅಡುಗೆಮನೆಯ ಬೆಚ್ಚನೆಯ ಅಟ್ಟದ ಮೇಲೆ ಇಟ್ಟಿದ್ದೆ. ಬಾಗಿಲು ತೆರೆದೇ ಇತ್ತು, ಅದು ಊದಿಕೊಳ್ಳುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಗುಂಪಿನ ಏಳೆಂಟು ಮಂದಿ ವೀಡಿಯೊ ಕರೆ ಮಾಡಿದರು. ಹಲ್ಲಿನ ಡಾಕ್ಟರ ಮನೆಯ ಕಪಾಟಿನ ಬಾಗಿಲು ಮಳೆಗೆ ಕಚ್ಚಿಕೊಂಡಿದೆಯಂತೆ, ಏನು ಮಾಡುವುದು ಎಂದು ನನ್ನನ್ನು ಕೇಳಬೇಕಿತ್ತು. ಹೊರಗೆ ಅಕ್ಕನ ಟೀವಿ ಜೋರಾಗಿತ್ತು. ಬಾಗಿಲು ಚೌಕಟ್ಟಿಗೆ ಹೋಗಲು ಕೇಳಲಿಲ್ಲ. ನಾನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಕಾಲು ಕೊಟ್ಟು ಎಳೆದೆ. ಕರಕ್ ಎಂದು ಒಳಗೆ ಕೂತಿತು. ಆಮೇಲೆ ಅರ್ಧ ಗಂಟೆ ಸಂದಿನ ಮಹತ್ವದ ಮೇಲೆ ಭಾಷಣ ಬಿಗಿದೆ.

ಭಾಷಣ ಮುಗಿಸಿ ಬಾಗಿಲು ನೂಕಿದರೆ ಅಲ್ಲಾಡಲಿಲ್ಲ. ಹೆಗಲು ಕೊಟ್ಟೆ, ಓಡಿ ಬಂದು ಗುದ್ದಲು ಆ ಕೋಣೆಯಲ್ಲಿ ಎರಡು ಹೆಜ್ಜೆ ಜಾಗವಿಲ್ಲ. ಕರೆ ಇನ್ನೂ ಮುಗಿದಿರಲಿಲ್ಲ, ಎಲ್ಲರೂ ನೋಡಿದರು. ಒಬ್ಬರು ಮೇಣ ಹಚ್ಚಿ ಎಂದರು, ಇನ್ನೊಬ್ಬರು ಕೀಲು ಬಿಚ್ಚಿ ಎಂದರು. ಕೊನೆಗೆ ಹಲ್ಲಿನ ಡಾಕ್ಟರು ಮೆಲ್ಲಗೆ, ಮೇಷ್ಟ್ರೇ, ನಾಣ್ಯ ಓಡ್ತಿತ್ತಾ ಎಂದು ಕೇಳಿದರು. ಫೋನು ಆರಿಸಿಬಿಟ್ಟೆ.

ಅಷ್ಟರಲ್ಲಿ ಹೊರಗಿನಿಂದ ಏನೋ ಸದ್ದು. ಅಕ್ಕ ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ, ನನಗೆ ಕೇಳಿಸದಂತೆ ನಾನೇ ಏರ್ಪಾಡು ಮಾಡಿಕೊಂಡಿದ್ದೆನಲ್ಲ. ಹಲಗೆಗೆ ಬಾಯಿಟ್ಟು, ಬಾಗಿಲು ಕಚ್ಚಿಕೊಂಡಿದೆ, ಎಳೆ ಎಂದೆ. ಎಳೆದಳು. ಮತ್ತೆ ಎಳೆದಳು. ಅವಳ ಉಸಿರು ಚಿಕ್ಕದಾಗುತ್ತಿರುವುದು ಹಲಗೆಗೆ ಕಿವಿಯಿಟ್ಟರೆ ತಿಳಿಯುತ್ತಿತ್ತು. ಮಾರುಕಟ್ಟೆಯಲ್ಲಿ ಬೀಳುವ ಮುಂಚೆಯೂ ಹೀಗೇ ಉಸಿರಾಡಿದ್ದಳು. ಇರು ಎಂದಳು. ಆಮೇಲೆ ಏನೂ ಇಲ್ಲ.

"ಅಕ್ಕ, ಇದ್ದೀಯಾ?" ಎಂದು ಕೂಗಿದೆ. ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲು. ಉತ್ತರ ಬರಲಿಲ್ಲ.

ಅವಳು ಬಾಗಿಲಾಚೆ ನೆಲದ ಮೇಲೆ ಬಿದ್ದಿದ್ದಾಳೆ ಎಂದೇ ಅಂದುಕೊಂಡೆ. ಯಾರನ್ನಾದರೂ ಕರೆಯೋಣವೆಂದರೆ, ವೀಡಿಯೊ ಕರೆಗೆ ಚಾರ್ಜು ತೀರಿದ್ದ ಫೋನು ಮತ್ತೆ ಹೊತ್ತಿಕೊಳ್ಳಲಿಲ್ಲ. ಕೋಣೆಯಲ್ಲಿ ಇದ್ದದ್ದು ಒಂದು ಅಂಟಿನ ಡಬ್ಬಿ, ಮರ ಉಜ್ಜುವ ಉಪ್ಪುಕಾಗದ, ಒಂದು ಕಬ್ಬಿಣದ ಕ್ಲ್ಯಾಂಪು. ಕ್ಲ್ಯಾಂಪಿನಿಂದ ಹಲಗೆಗೆ ಹೊಡೆದೆ, ಕೈ ತರಚಿತು, ಹಲಗೆಗೆ ಏನೂ ಆಗಲಿಲ್ಲ. ಅಷ್ಟು ಗಟ್ಟಿಯಾಗಿ ಜೀವನದಲ್ಲಿ ಇನ್ನೇನನ್ನೂ ನಾನು ಮಾಡಿರಲಿಲ್ಲ. ಮತ್ತೆ ಕೂಗಿದೆ. ಅಳುತ್ತಿದ್ದೆ ಎಂದು ಹೇಳಲು ಈಗ ಸಂಕೋಚವಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸಂದಿನಲ್ಲಿ ಕಬ್ಬಿಣ ಮೀಟುವ ಸದ್ದಾಯಿತು. ಬಾಗಿಲು ನರಳಿ, ತೆರೆಯಿತು. ಆಚಾರ್ರು ಮೀಟುಗೋಲು ಹಿಡಿದು ನಿಂತಿದ್ದರು.

"ಏನ್ ಸ್ವಾಮಿ, ನಾಣ್ಯ ಎಲ್ಲೋಯ್ತು?"

ಅವರ ಹಿಂದೆ ಅಕ್ಕ. ಬರಿಗಾಲು, ಸೀರೆಯೆಲ್ಲ ತೊಯ್ದಿತ್ತು, ಕನ್ನಡಕದ ಗಾಜಿನಿಂದ ನೀರು ಇಳಿಯುತ್ತಿತ್ತು. ಎರಡು ಬೀದಿ, ನಡುವೆ ಬಸ್ಸು ಓಡಾಡುವ ಒಂದು ರಸ್ತೆ. ಹೇಗೆ ಹೋದೆ ಎಂದು ಕೇಳಿದೆ.

"ನಂಗೂ ಗೊತ್ತಿಲ್ಲ ಕಣೋ. ನೀನು ಒಳಗಿದ್ದೆ, ಹೋದೆ. ದಾರೀಲಿ ಎದೆ ಹೊಡ್ಕೊಳ್ತಾ ಇತ್ತು, ಹೊಡ್ಕೊಳ್ಲಿ ಅಂದ್ಬುಟ್ಟೆ."

ಆಚಾರ್ರು ಬಾಗಿಲನ್ನು ಕೀಲಿನಿಂದ ಬಿಡಿಸಿ, ಅಟ್ಟದಿಂದ ನನ್ನದೇ ತೋಪಡ ಇಳಿಸಿಕೊಂಡು ಅಂಚು ಹೆರೆದರು. ಮತ್ತೆ ಕೂರಿಸಿ ನಾಣ್ಯವನ್ನು ನನ್ನ ಕೈಗೆ ಕೊಟ್ಟು, ಓಡಿಸಿ ಎಂದರು. ಮೊದಲನೇ ತರಗತಿಯ ಹುಡುಗನಂತೆ ಓಡಿಸಿದೆ.

ಅಂದಿನಿಂದ ಅಕ್ಕ ಹೊರಗೆ ಹೋಗತೊಡಗಿದಳು. ಮೊದಲು ಜಗಲಿ, ಆಮೇಲೆ ಮೂಲೆಯ ಅಂಗಡಿ, ಒಂದು ತಿಂಗಳಲ್ಲಿ ಗುಡಿಯವರೆಗೆ. ನನಗೆ ಸಂತೋಷವಾಯಿತು ಎಂದು ಬರೆದರೆ ಅರ್ಧ ಸುಳ್ಳು. ಇದ್ದೀಯೇನೋ ಎಂಬ ಕೂಗು ಕಡಿಮೆಯಾದಷ್ಟೂ ನಾನು ಉಳಿ ಕೆಳಗಿಟ್ಟು, ಸಂದಿಗೆ ಕಿವಿ ಕೊಟ್ಟು ಕಾಯುತ್ತಿದ್ದೆ. ಅವಳು ಗುಡಿಗೆ ಹೋದ ಆ ಅರ್ಧ ಗಂಟೆಯಲ್ಲಿ ಒಂದು ಗೀಟನ್ನೂ ನೆಟ್ಟಗೆ ಎಳೆಯಲಾಗುತ್ತಿರಲಿಲ್ಲ.

ಗುಂಪಿನವರು ಮೈಸೂರಿನದೇ ಹೆಬ್ಬಾಳದ ಒಂದು ಷೆಡ್ಡಿನಲ್ಲಿ ಎಲ್ಲರೂ ಸೇರುವುದೆಂದು ನಿಶ್ಚಯಿಸಿದರು. ಹಿಂದೆಯೂ ಮೂರು ಸಲ ಕರೆದಿದ್ದರು, ಅಕ್ಕನನ್ನು ಬಿಟ್ಟು ಬರುವಂತಿಲ್ಲ ಎಂದಿದ್ದೆ. ಈ ಸಲ ಬಾಗಿಲು ಕೂರಿಸುವುದನ್ನು ನಾನೇ ತೋರಿಸಬೇಕಂತೆ. ಸೇರುವ ದಿನ ಬೆಳಿಗ್ಗೆ ಬೆಂಚಿನ ಬಳಿ ನಿಂತು, ಅಕ್ಕನಿಗೆ ಹುಷಾರಿಲ್ಲ, ಬರಲಾಗುವುದಿಲ್ಲ ಎಂದು ಟೈಪ್ ಮಾಡಿದೆ. ಕೈ ತಾನಾಗಿಯೇ ಬರೆಯಿತು. ಕಾಫಿ ತಂದ ಅಕ್ಕ ನನ್ನ ಹೆಗಲ ಮೇಲಿಂದ ಓದಿದಳು.

"ಯಾರಿಗೆ ಹುಷಾರಿಲ್ಲ?"

ಆ ಮೂರು ವರ್ಷದಲ್ಲಿ ಎರಡು ಸಲ ಅಕ್ಕ ತಾನಾಗಿಯೇ ಚಪ್ಪಲಿ ಹಾಕಿಕೊಂಡು ಬೀದಿ ಬಾಗಿಲ ಹತ್ತಿರ ಬಂದಿದ್ದಳು. ಒಮ್ಮೆ, ಬಿಸಿಲು ಜಾಸ್ತಿ ಇದೆ, ನಾಳೆ ನೋಡೋಣ ಎಂದಿದ್ದೆ. ಇನ್ನೊಮ್ಮೆ ಏನೆಂದೆನೋ ಮರೆತಿದ್ದೇನೆ, ಅವಳು ಚಪ್ಪಲಿ ಬಿಟ್ಟು ಒಳಗೆ ಹೋದದ್ದು ಮಾತ್ರ ನೆನಪಿದೆ. ಅದನ್ನು ಅವಳೂ ಮರೆತಿರಲಿಲ್ಲ ಎಂದು ಆ ಕ್ಷಣ ಅವಳ ಮುಖ ನೋಡಿದಾಗ ಗೊತ್ತಾಯಿತು.

"ಇನ್ಮೇಲೆ ನನ್ನ ನೆಪ ಹೇಳ್ಬೇಡ ಕಣೋ. ನಿಂಗೆ ಭಯ ಆದ್ರೆ ನಿಂಗೆ ಭಯ ಅಂತ ಬರಿ."

ಬರೆದದ್ದನ್ನು ಅಳಿಸಿದೆ. ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟವಳು ಅವಳೇ. ಬಸ್ ಸ್ಟಾಪಿನವರೆಗೆ ಜೊತೆಗೆ ಬಂದಳು. ಮೊದಲ ಬಸ್ಸು ಬಂದಾಗ ರಶ್ಶಿದೆ ಎಂದು ಬಿಟ್ಟುಬಿಟ್ಟೆ. ಎರಡನೆಯದು ಖಾಲಿಯಾಗಿತ್ತು. ಹತ್ತಿದೆ. ಕಿಟಕಿಯಿಂದ ನೋಡಿದರೆ ಅವಳಾಗಲೇ ಮನೆಯ ಕಡೆ ತಿರುಗಿ, ಕೊಡೆಯನ್ನು ಕೋಲಿನಂತೆ ಊರಿಕೊಂಡು ನಡೆಯುತ್ತಿದ್ದಳು. ಬಸ್ಸು ಎರಡು ಸ್ಟಾಪು ದಾಟುವಷ್ಟರಲ್ಲಿ ನನ್ನ ಎದೆ ಬಡಿದುಕೊಳ್ಳತೊಡಗಿತು, ಅಂಗೈ ಬೆವರಿ ಚೀಲದ ಹಿಡಿ ಜಾರುತ್ತಿತ್ತು. ಇಳಿದುಬಿಡೋಣ ಎನಿಸಿತು. ಫೋನು ಮಾಡಿದೆ. ನಾಲ್ಕು ಸಲ ರಿಂಗಾದ ಮೇಲೆ ಎತ್ತಿಕೊಂಡಳು.

"ಇದ್ದೀಯೇನಕ್ಕ?" ಎಂದೆ.

"ಇದ್ದೀನಿ," ಎಂದಳು. "ನೀನು ಹೋಗು."