ಕಾಕಿಯ ಮನೆಗೆ ಸೋಮವಾರ ರಜೆ

ಹೈಸ್ಕೂಲಿನ ಕನ್ನಡ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಒಂದು ಹೊಂಡಕ್ಕೆ ಹೆಸರಿಡುವುದು.

ಶಹಾಬಾದದಿಂದ ವಾಡಿಗೆ ಹೋಗುವ ದಾರಿಯಲ್ಲಿ ಒಂದು ಸುಣ್ಣದ ಕಾರ್ಖಾನೆ ಇತ್ತು. ನನ್ನ ಅಪ್ಪ ಅಲ್ಲಿ ಭಟ್ಟಿಯ ಕೆಲಸಗಾರ, ಕಾಕಾ ಲೋಡಿಂಗಿನಲ್ಲಿ, ಕಾಕಿ ಪ್ಯಾಕಿಂಗ್ ಮನೆಯಲ್ಲಿ ಚೀಲ ಹೊಲಿಯುವವಳು. ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾಗಿದ್ದವು. ಭಟ್ಟಿಗಳ ಮೇಲೆ ಅರಳಿ ಗಿಡ ಬೆಳೆದು, ಕಲ್ಲು ತೆಗೆದ ಖಣಿಯಲ್ಲಿ ಮಳೆನೀರು ನಿಂತು, ಅದರಲ್ಲಿ ಸುತ್ತಲಿನ ಎಮ್ಮೆಗಳೆಲ್ಲ ಈಜು ಕಲಿತಿದ್ದವು. ಊರು ಅತ್ತ ಬೆಳೆಯತೊಡಗಿತು. ಮೊದಲು ಪೆಟ್ರೋಲ್ ಬಂಕು, ಆಮೇಲೆ ಮದುವೆ ಮಂಟಪ, ಅದರ ಹಿಂದೆ ಇಂಗ್ಲಿಷ್ ಶಾಲೆ ಬಂದವು. ಕೊನೆಗೆ ಹೊರಗಿನ ಕಂಪನಿಯೊಂದು ಕಾರ್ಖಾನೆಯ ಜಾಗವನ್ನೇ ಕೊಂಡು, ಅಲ್ಲೊಂದು ದೊಡ್ಡ ಲೇಔಟ್ ಮಾಡುತ್ತೇವೆಂದು ತಗಡಿನ ಬೇಲಿ ಹಾಕಿತು.

ಆ ಕಂಪನಿಯ ಮ್ಯಾನೇಜರ್ ಕುಂಚಾವರಂ ಕಡೆಯ ಹುಡುಗ, ಮೂವತ್ತರ ಆಸುಪಾಸು. ಒಳ್ಳೆಯವನೇ. ಕನ್ನಡದ ನಡುವೆ ತೆಲುಗು ತಾನಾಗಿ ಬಂದುಬಿಡುತ್ತಿತ್ತು. ಬಣ್ಣದ ಪುಸ್ತಿಕೆಗೆ ಕನ್ನಡ ಬರೆಯುವವರು ಬೇಕೆಂದು ಯಾರೋ ನನ್ನ ಹೆಸರು ಹೇಳಿದ್ದರು. ಖಣಿಯ ದಂಡೆಯಲ್ಲಿ ಕುರ್ಚಿ ಹಾಕಿಸಿ ಕೂರಿಸಿದ.

"ಮೇಡಂ, ಹೊಂಡ ಅಂತ ಬರೀಬ್ಯಾಡ್ರಿ. ಹೊಂಡದ ಬಾಜು ಯಾರು ಮನಿ ಕಟ್ತಾರ?"

"ಕೆರಿ ಅಂತ ಬರೀಲೇನು?"

"ಕಾದು, ಕಾದು... ಅದಲ್ಲ ಮೇಡಂ. ಕೆರಿ ಅಂದ್ರ ಎಮ್ಮಿ ನೆನಪಾಗ್ತಾವ. ಸರೋವರ ಅನ್ರಿ."

ಎಮ್ಮೆಗಳು ನಮ್ಮಿಬ್ಬರನ್ನೂ ನೋಡುತ್ತ ನೀರಿನಲ್ಲೇ ನಿಂತಿದ್ದವು. ನಾನು ಸರೋವರ ಎಂದು ಬರೆದೆ. ಬರೆದ ಮೇಲೆ ಅದರ ಹಿಂದೆ 'ನೀಲ' ಎಂದೂ ಸೇರಿಸಿದೆ. ಅದನ್ನು ಅವನು ಕೇಳಿರಲಿಲ್ಲ, ಅದು ನನ್ನ ಸ್ವಂತ ಕೊಡುಗೆ. ಭಟ್ಟಿಯ ಸಾಲು 'ಪರಂಪರಾ ಪಥ'ವಾಯಿತು, ಸುಣ್ಣದ ಬೂದಿ ಸುರಿದ ದಿಬ್ಬ 'ಶ್ವೇತಗಿರಿ'ಯಾಯಿತು. ಮೂವತ್ತು ವರ್ಷ ಮಕ್ಕಳಿಗೆ ಸಮಾಸ ಕಲಿಸಿದ್ದು ಕಡೆಗೂ ಉಪಯೋಗಕ್ಕೆ ಬಂತೆಂದು ನನಗೆ ಹಿಗ್ಗು. ಹೆದ್ದಾರಿಯ ಪಕ್ಕದ ದೊಡ್ಡ ಫಲಕದಲ್ಲಿ ನನ್ನ ಮಾತುಗಳನ್ನು ನೋಡಲು ಎರಡು ಸಲ ಸುಮ್ಮನೆ ಬಸ್ಸಿನಲ್ಲಿ ವಾಡಿಗೆ ಹೋಗಿ ಬಂದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಪುಸ್ತಿಕೆ ಅಚ್ಚಾಗಿ ಬಂದಾಗ ಕಾಕಿಗೆ ಒಯ್ದು ತೋರಿಸಿದೆ. ಕಾಕಾ ತೀರಿಕೊಂಡ ಮೇಲೂ ಅವಳು ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಇದ್ದಳು. ಎರಡು ಖೋಲಿ, ಪರಸಿ ಕಲ್ಲಿನ ನೆಲ, ಮೂಲೆಯಲ್ಲಿ ಕಟ್ಟಿಗೆ ಒಲೆ. ಕಾರ್ಖಾನೆ ಮುಚ್ಚಿದ ಮೇಲೆ ಅವಳೂ ನೆರೆಮನೆಯ ಇಬ್ಬರು ಹೆಂಗಸರೂ ಕೂಡಿ ಅಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಮುಂಜಾನೆ ಆ ಓಣಿಗೆ ಹೋದರೆ ಮೂರು ಜೋಡಿ ಕೈಗಳ ಬಡಿತ ದೂರದಿಂದಲೇ ಕೇಳುತ್ತಿತ್ತು.

ಕಾಕಿ ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು ಪುಸ್ತಿಕೆ ತಿರುವಿದಳು. ಸರೋವರದ ದಂಡೆಯಲ್ಲಿ ಚಡ್ಡಿ ಹಾಕಿದ ಹೆಂಗಸೊಬ್ಬಳು ಓಡುವ ಚಿತ್ರವಿತ್ತು.

"ಅಲ್ಲವಾ, ಈಕಿ ಯಾಕ ಓಡಾಕತ್ತಾಳ? ಬಸ್ ಹೋತೇನು?"

"ಆರೋಗ್ಯಕ್ಕ ಓಡ್ತಾರ ಕಾಕಿ."

"ಖಣ್ಯಾಗ ಬಿದ್ರ ಆರೋಗ್ಯ ಎಲ್ಲಿ ಉಳೀತದ. ಬೇಲಿ ಹಾಕಂತ ಹೇಳು ಅವನಿಗಿ."

ಕ್ವಾರ್ಟರ್ಸು ಕೆಡವುವ ಮಾತು ಮೊದಲೇ ಆಗಿತ್ತು. ಅಲ್ಲಿದ್ದವರಿಗೆಲ್ಲ ಜಾಗದ ಹಿಂಬದಿಯಲ್ಲಿ ಮೂರಂತಸ್ತಿನ ಕಟ್ಟಡದಲ್ಲಿ ಮನೆ ಕೊಡುವುದೆಂದು ಬರೆದುಕೊಟ್ಟಿದ್ದರು. ಬೇಡ ಎನ್ನುವಂಥದ್ದೇನೂ ಇರಲಿಲ್ಲ. ಮಳೆ ಬಂದರೆ ಹಳೆಯ ಮನೆಗಳೆಲ್ಲ ಸೋರುತ್ತಿದ್ದವು. ಒಂದು ದಿನ ಮ್ಯಾನೇಜರ್ ಕಾಕಿಯ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ.

"ಕಾಕಿ, ನಿಮ್ಮ ಮನಿ ಆಯ್ಕಿ ಆಗ್ಯಾದ," ಎಂದ.

"ಛಲೋ ಆತು. ಕುಂದ್ರಿ. ಯಾತಕ್ಕ ಆಯ್ಕಿ?"

"ಎಲ್ಲಾ ಮನಿ ಕೆಡವತೀವಿ, ನಿಮ್ದೊಂದು ಬಿಡ್ತೀವಿ. ಹಿಂದಕ ಕೆಲಸಗಾರರು ಹ್ಯಾಂಗ ಬಾಳ್ಯಾ ಮಾಡ್ತಿದ್ರು ಅಂತ ಮಂದಿ ಬಂದು ನೋಡ್ತಾರ. ಮ್ಯೂಸಿಯಂ ಮಾಡ್ತೀವಿ."

"ಮತ್ತ ನಾನು?"

ಅವನು ಸ್ವಲ್ಪ ಮುಜುಗರಪಟ್ಟ. "ನೀವು ಹಿಂದಿನ ಬಿಲ್ಡಿಂಗಿಗಿ ಹೋಗಬೇಕಾಗ್ತದ. ಮ್ಯೂಸಿಯಂದಾಗ ಮಂದಿ ಇರಂಗಿಲ್ಲ."

ಕಾಕಿ ಒಲೆಯ ಕಟ್ಟಿಗೆ ಒಳಗೆ ದೂಡಿದಳು. ಆಮೇಲೆ ಅವನಿಗೆ ಚಹಾ ಮಾಡಿದಳು. ಅವಳ ಸಿಟ್ಟು ಯಾವಾಗಲೂ ಚಹಾ ಆದ ಮೇಲೆ ಬರುವಂಥದ್ದು, ಆ ಹೊತ್ತಿಗೆ ಅವನು ಹೊರಟುಹೋಗಿದ್ದ.

ನಾನು ಫಲಕ ಬರೆದೆ. 'ಕ್ವಾರ್ಟರ್ಸ್' ಎಂದು ಬರೆದರೆ ಮ್ಯಾನೇಜರ್ ಅದನ್ನು ಹೊಡೆದುಹಾಕಿ 'ಕಾರ್ಮಿಕ ಕುಟೀರ' ಎಂದು ಮಾಡಿಸಿದ. ಅದು ಕುಟೀರವಲ್ಲ, ನಂಬರು ಹಾಕಿದ ಖೋಲಿ ಎಂದು ವಾದಿಸಿದೆ. ಆದರೆ ಹೊಂಡವನ್ನು ನೀಲ ಸರೋವರ ಮಾಡಿದವಳ ಮಾತಿಗೆ ಎಷ್ಟು ಬೆಲೆ ಇದ್ದೀತು?

ಹೈದರಾಬಾದಿನಿಂದ ಒಬ್ಬ ಕಲಾವಿದ ಬಂದು ಮನೆಯನ್ನು ಸಜ್ಜುಮಾಡಿದ. ಕಾಕಿ ಪ್ರತಿ ಯುಗಾದಿಗೆ ತಪ್ಪದೆ ಸುಣ್ಣ ಬಳಿಯುತ್ತಿದ್ದಳು. ಕಾರ್ಖಾನೆಯವರಾಗಿ ಸುಣ್ಣಕ್ಕೆ ಬಡತನವೇ? ಗೋಡೆ ಅಷ್ಟು ಬೆಳ್ಳಗಿದ್ದರೆ ಬಡವರ ಮನೆ ಎನ್ನಿಸುವುದಿಲ್ಲವೆಂದು ಕಲಾವಿದ ಅದರ ಮೇಲೆ ಹೊಗೆಯ ಕಲೆ ಬಿಡಿಸಿದ. ಇಲ್ಲದ ತೊಟ್ಟಿಲೊಂದನ್ನು ತಂದು ಕಟ್ಟಿದ. ಒಲೆಯ ಮುಂದೆ ಕೆಂಪು ಹಗ್ಗ ಎಳೆದ. ಒಲೆಯ ಹಂಚಿನ ಮೇಲೆ ಪ್ಲಾಸ್ಟರಿನಲ್ಲಿ ಮಾಡಿದ ಮೂರು ರೊಟ್ಟಿ ಇಟ್ಟ. ಉದ್ಘಾಟನೆಯ ದಿನ ಕಾಕಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಒಳಗೆ ಹೋಗಿ ನೋಡಿಬಂದಳು. ಗೋಡೆಯ ವಿಷಯ ಎತ್ತಲಿಲ್ಲ. "ಅಷ್ಟು ದಪ್ಪ ರೊಟ್ಟಿ ನನ್ನ ಮನ್ಯಾಗ ನಾಯಿಗೂ ಹಾಕಿಲ್ಲ," ಎಂದಷ್ಟೇ ಹೇಳಿದಳು.

ಹೊಸ ಮನೆಯಲ್ಲಿ ಕಟ್ಟಿಗೆ ಒಲೆ ಹಚ್ಚುವಂತಿರಲಿಲ್ಲ. ಗ್ಯಾಸಿನ ಮೇಲೆ ಅಷ್ಟೊಂದು ರೊಟ್ಟಿ ಆಗುವಂಥದ್ದಲ್ಲ. ರೊಟ್ಟಿ ಬಡಿಯುವ ಮೂವರೂ ಕೆಲಸವಿಲ್ಲದೆ ಕೂತರು. ಕಾಕಿ ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ತನ್ನ ಹಳೆಯ ಮನೆಯ ಛಾವಣಿ ನೋಡುತ್ತಿದ್ದಳು. ಅಲ್ಲಿ ಯಾರು ಒಳಗೆ ಹೋದರು, ಎಷ್ಟು ಹೊತ್ತು ಇದ್ದರು ಎಂಬ ವರದಿ ನನಗೆ ಫೋನಿನಲ್ಲಿ ಬರುತ್ತಿತ್ತು.

ಪ್ಲಾಟು ನೋಡಲು ಬಂದವರು ಕುಟೀರದೊಳಗೆ ಇಣುಕಿ, ಖಾಲಿ ಖಾಲಿ ಅನ್ನಿಸುತ್ತದೆ, ಜೀವ ಇಲ್ಲ ಎಂದರಂತೆ. ಮೇಲಿನವರು ಸಭೆ ಮಾಡಿ, ಜೀವಕ್ಕಾಗಿ ಒಬ್ಬ ಸ್ಥಳೀಯ ಮಹಿಳೆಯನ್ನು ನೇಮಿಸಲು ತೀರ್ಮಾನಿಸಿದರು. ಪ್ರಕಟಣೆಯನ್ನು ನಾನೇ ಬರೆದೆ. ಕಾಕಿ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಬೇರೆ ಊರಿಂದ ಬಂದ ಮೇಡಂ ಒಬ್ಬಳು ಕೇಳಿದಳು: "ಇಂಥ ಮನೆಯಲ್ಲಿ ಇದ್ದ ಅನುಭವ ಎಷ್ಟಿದೆ?"

"ಮದಿವ್ಯಾಗಿ ಇದೇ ಮನಿಗಿ ಬಂದೀನ್ರಿ. ಮೂರು ಹಡದೀನಿ."

ಆಯ್ಕೆಯಾದಳು. ಹತ್ತರಿಂದ ಐದರವರೆಗೆ ಹಗ್ಗದ ಆಚೆ ಕೂರಬೇಕು. ಕಂಪನಿ ಕೊಟ್ಟ ಇಳಕಲ್ ಸೀರೆ ಉಡಬೇಕು. ಅವಳ ಹೂವಿನ ಸಿಂಥೆಟಿಕ್ ಸೀರೆ ಪರಂಪರೆಗೆ ಹೊಂದುತ್ತಿರಲಿಲ್ಲ. ಯಾರಾದರೂ ಕೇಳಿದರೆ ಮಾತ್ರ ಮಾತಾಡಬೇಕು. ಒಲೆ ಹಚ್ಚಬಾರದು. ಸೋಮವಾರ ವಾರದ ರಜೆ.

ನನಗೆ ಕೆಟ್ಟದೆನ್ನಿಸಿತು. ಬಿಟ್ಟುಬಿಡು ಎಂದೆ.

"ಇರಲಿ ಬಿಡವಾ," ಎಂದಳು. "ಮನ್ಯಾಗ ಕುಂತು ಪಗಾರ ತಗೊಂಡವ್ರು ಸಾಹೇಬ್ರಷ್ಟೇ ಇದ್ರು. ಈಗ ನಾನೂ."

ಮೊದಲ ಸೋಮವಾರ ಅವಳು ನನ್ನ ಮನೆಗೆ ಊಟಕ್ಕೆ ಬಂದಳು. ಭಾನುವಾರ ಕೆಲಸಕ್ಕೆ ಒಯ್ದ ಬಿಪಿ ಗುಳಿಗೆಯ ಡಬ್ಬಿ ಹಳೆಯ ಮನೆಯ ಗೂಡಿನಲ್ಲೇ ಉಳಿದಿದೆ ಎಂಬುದು ಊಟದ ಹೊತ್ತಿಗೆ ನೆನಪಾಯಿತು. ಬೇಕಾದದ್ದನ್ನೆಲ್ಲ ಆ ಗೂಡಿನಲ್ಲಿ ಇಡುವುದು ಅವಳಿಗೆ ನಲವತ್ತು ವರ್ಷಗಳ ರೂಢಿ. ಇಬ್ಬರೂ ಆಟೋ ಹಿಡಿದು ಹೋದೆವು.

ಬಾಗಿಲಲ್ಲಿ ಕಾವಲಿಗೆ ಇದ್ದವನು ಪರಿಚಯದವನೇ. ಕಾಕಾನ ಜೊತೆ ಲೋಡಿಂಗಿನಲ್ಲಿದ್ದವನು, ಕಾಕಿಯ ಕೈಯ ರೊಟ್ಟಿ ಎಷ್ಟೋ ಉಂಡವನು. ನೀಲಿ ಸಮವಸ್ತ್ರದಲ್ಲಿ ಎದ್ದು ನಿಂತ.

"ವಹಿನಿ, ಇವತ್ತ ಬಂದ್ ಅದ."

"ಗುಳಗಿ ತಗೋಬೇಕೋ ಮಾರಾಯಾ."

"ಕ್ಯಾಮರಾ ಹಚ್ಯಾರ. ನನ್ನ ಕೈಯಾಗ ಏನಿಲ್ಲ. ನಾಳಿ ಹತ್ತಕ್ಕ ಬರ್ರಿ."

ಕಾಕಿ ಜಗಳ ಮಾಡುತ್ತಾಳೆಂದು ಕಾದೆ. ಮಾಡಲಿಲ್ಲ. ತನ್ನದೇ ಕಟ್ಟೆಯ ಮೇಲೆ ಕೂತಳು. ಬಿಸಿಲಿತ್ತು. ಅವಳ ಮುಖ ಅಷ್ಟು ಚಿಕ್ಕದಾಗಿ ನಾನು ಹಿಂದೆಂದೂ ಕಂಡಿರಲಿಲ್ಲ. ಕಾವಲಿನವನು ಮುಖ ಆಚೆ ತಿರುಗಿಸಿಕೊಂಡು ಮ್ಯಾನೇಜರಿಗೆ ಫೋನ್ ಮಾಡಿದ.

ಮ್ಯಾನೇಜರ್ ಬೈಕಿನಲ್ಲಿ ಬಂದ. ಪಾಪ, ಅವನಿಗೂ ನಾಚಿಕೆಯಾಗಿತ್ತು. ಆದರೆ ನಿಯಮದಲ್ಲಿ ರಜೆಯ ದಿನ ಸಿಬ್ಬಂದಿ ಒಳಗೆ ಬರಲು ಅವಕಾಶವಿರಲಿಲ್ಲ. ತುಂಬ ಯೋಚಿಸಿ, ವಿಶೇಷ ಸಂದರ್ಶಕರಿಗೆ ಯಾವ ದಿನವಾದರೂ ತೆರೆಯಬಹುದು ಎಂಬುದನ್ನು ಹುಡುಕಿ ತೆಗೆದ. ಸಂದರ್ಶಕರ ಪುಸ್ತಕ ತಂದು ಕಾಕಿಯ ಮುಂದಿಟ್ಟ.

"ಇಲ್ಲಿ ಬರದು ಸಹಿ ಮಾಡ್ರಿ ಕಾಕಿ. ಆಮೇಲೆ ನೀವು ವಿಶೇಷ ಅತಿಥಿ."

ಕಾಕಿ ಓದು ಕಲಿತದ್ದು ದೊಡ್ಡವಳಾದ ಮೇಲೆ, ಪ್ಯಾಕಿಂಗ್ ಮನೆಯ ಚೀಲಗಳ ಮೇಲಿನ ಅಕ್ಷರ ನೋಡಿ. ಪೆನ್ನು ಹಿಡಿದು ಹೆಸರು ಬರೆದಳು. ಊರು ಎಂಬಲ್ಲಿ 'ಇಲ್ಲೇ' ಎಂದು ಬರೆದಳು. ಭೇಟಿಯ ಉದ್ದೇಶ ಎಂಬಲ್ಲಿ ನಿಂತಳು. ನಾನು 'ಔಷಧಿ' ಎಂದು ಮೆಲ್ಲಗೆ ಹೇಳಿಕೊಟ್ಟೆ. ಅದನ್ನು ಬರೆದಳು. ಕೊನೆಗೆ ಅಭಿಪ್ರಾಯ ಎಂಬ ದೊಡ್ಡ ಚೌಕ. ಅವಳು ಒಂದೊಂದೇ ಅಕ್ಷರ ಒತ್ತಿ ಬರೆದಳು: 'ಮನಿ ಛಲೋ ಅದ. ರೊಟ್ಟಿ ಸುಳ್ಳ ಅದಾವ.'

ಮ್ಯಾನೇಜರ್ ಅದನ್ನು ಓದಿದ. ಎರಡು ಸಲ ಓದಿದನೆಂದು ಕಾಣುತ್ತದೆ. ಬಾಗಿಲು ತೆಗೆದ. ಕಾಕಿ ಹಗ್ಗ ಎತ್ತಿ ಒಳಗೆ ಹೋಗಿ, ಡಬ್ಬಿ ತೆಗೆದು ಅಲ್ಲೇ ಒಂದು ಗುಳಿಗೆ ನುಂಗಿ, ನೀರಿಲ್ಲದೆ ಕೆಮ್ಮಿದಳು. ಮ್ಯೂಸಿಯಮ್ಮಿನ ತಾಮ್ರದ ಕೊಡ ಖಾಲಿಯಿತ್ತು. ಅವನೇ ಓಡಿಹೋಗಿ ತನ್ನ ಬೈಕಿನಿಂದ ಬಾಟಲಿ ತಂದ.

ನೀರು ಕುಡಿದ ಮೇಲೆ ಕಾಕಿ ಮಾತಾಡಿದಳು. ಏರಿದ ದನಿಯಲ್ಲಲ್ಲ.

"ನೋಡಪಾ. ನಾಳಿಯಿಂದ ನಾ ಕುಂದ್ರೂದಾದ್ರ ಒಲಿ ಹಚ್ಚೂದೇ. ಹಂಚಿನ ಮ್ಯಾಗಿನ ಆ ಸುಳ್ಳ ರೊಟ್ಟಿ ತೆಗಿಯೂದು. ನನ್ನ ಸಂಗಾಟ ಇಬ್ರು ಬರ್ತಾರ. ಇಲ್ಲಂದ್ರ ನನ್ನಂಥದೊಂದು ಗೊಂಬಿ ಮಾಡಿಸಿ ಕುಂದ್ರಸು."

"ಮೇಲಿನವ್ರಿಗಿ ಕೇಳಬೇಕು ಕಾಕಿ."

"ಕೇಳು. ಹಿಟ್ಟು ನಾ ತರ್ತೀನಿ."

ಅವನು ಕೇಳಿದನೋ ಇಲ್ಲವೋ ಗೊತ್ತಿಲ್ಲ. ಅವನ ಮುಖ ನೋಡಿದರೆ ಕೇಳಿರಲಿಕ್ಕಿಲ್ಲ ಅನ್ನಿಸುತ್ತದೆ. ನಾನು ಫಲಕಕ್ಕೆ 'ಜೀವಂತ ಪ್ರಾತ್ಯಕ್ಷಿಕೆ' ಎಂದೊಂದು ಸಾಲು ಸೇರಿಸಿಕೊಟ್ಟೆ, ಮೇಲಿನವರಿಗೆ ಅಷ್ಟು ಸಾಕಾಯಿತು. ಮಂಗಳವಾರ ಒಲೆ ಉರಿಯಿತು. ಕಲಾವಿದ ಬಿಡಿಸಿದ ಹೊಗೆಯ ಕಲೆಯ ಮೇಲೆ ವಾರದೊಳಗೆ ನಿಜವಾದ ಹೊಗೆ ಹತ್ತಿತು. ಕಾಕಿ ಎರಡನ್ನೂ ಕೂಡಿಸಿ ಸುಣ್ಣ ಹೊಡೆದಳು.

ಪ್ಲಾಟು ನೋಡಲು ಕಲಬುರಗಿಯಿಂದ, ಸೇಡಂನಿಂದ ಕಾರಿನಲ್ಲಿ ಬಂದವರು ಸರೋವರ ನೋಡಿ, ಎಮ್ಮೆ ನೋಡಿ, ಶ್ವೇತಗಿರಿಯ ಧೂಳು ಕುಡಿದು, ಕಡೆಗೆ ಕುಟೀರದ ಮುಂದೆ ಸಾಲು ಹಚ್ಚತೊಡಗಿದರು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಒಂದಿಷ್ಟು ಎಣ್ಣೆ. ತಿಂದು, ಕಟ್ಟಿಸಿಕೊಂಡು, ಪ್ಲಾಟಿನ ಬಗ್ಗೆ ಆಮೇಲೆ ತಿಳಿಸುತ್ತೇವೆಂದು ಹೋದರು. ಅವರಲ್ಲಿ ಹಲವರು ಮತ್ತೆ ಬಂದರು, ರೊಟ್ಟಿಗೆ. ಒಬ್ಬ ವಕೀಲರು ಕಾಕಿಯನ್ನು ಕೇಳಿದರಂತೆ, ಇಲ್ಲಿ ಮನೆ ಕಟ್ಟಬಹುದೇ ಎಂದು. "ಕಟ್ರಿ, ಸುಣ್ಣದ ಗಾಳಿ ಪೂರ್ವದಿಂದ ಬಂದ್ರ ಅರಿವಿ ಹೊರಗ ಒಣಗಾಕ್ಬ್ಯಾಡ್ರಿ," ಎಂದಿದ್ದಳು. ಮ್ಯಾನೇಜರ್ ಅದನ್ನು ನನಗೆ ಹೇಳುವಾಗ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದ, ಆದರೆ ನಗುತ್ತಿದ್ದ.

ವರ್ಷ ತಿರುಗುವಷ್ಟರಲ್ಲಿ ಮೇಲಿನವರ ಮನಸ್ಸು ಬದಲಾಯಿತು. ವಸತಿ ಬೇಡ, ಗೋದಾಮು ಕಟ್ಟೋಣ, ರೈಲು ಹತ್ತಿರ ಇದೆ ಎಂದರು. ಹೆದ್ದಾರಿಯ ಫಲಕದಿಂದ ಓಡುವ ಹೆಂಗಸು ಇಳಿದುಹೋದಳು, ನನ್ನ ನೀಲ ಸರೋವರವೂ ಹೋಯಿತು. ಹೊಸ ನಕ್ಷೆಯಲ್ಲಿ ಅದು 'ನೀರಿನ ಹೊಂಡ'. ಕುಂಚಾವರಂನ ಹುಡುಗನನ್ನು ಬೇರೆ ಕಡೆಗೆ ಹಾಕಿದರು. ಬಂದು ಹೇಳಿಹೋದ. ಕಾಕಿ ಅವನಿಗೆ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು.

ಅವನ ಜಾಗಕ್ಕೆ ಬಂದವನು ಗೋದಾಮಿನ ಮನುಷ್ಯ. ಕುಟೀರವನ್ನು ಕೆಡವಲು ಹೊರಟಾಗ, ಹಳೆಯ ಅನುಮತಿ ಪತ್ರದಲ್ಲಿ ಪರಂಪರೆಯ ಕಟ್ಟಡವನ್ನು ಉಳಿಸುತ್ತೇವೆಂದು ಕಂಪನಿಯೇ ಬರೆದುಕೊಟ್ಟದ್ದು ಹೊರಬಂತು. ಅದನ್ನು ಮುಟ್ಟಿದರೆ ಗೋದಾಮಿನ ಅನುಮತಿಯೂ ನಿಂತುಹೋಗುತ್ತಿತ್ತು. ಅವನು ನಕ್ಷೆ ಹಿಡಿದು ಬಂದು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಟ್ಟು ನಾದುತ್ತಿದ್ದ ಕಾಕಿಯನ್ನು ಕೇಳಿದ.

"ಇದರ ಉಸ್ತುವಾರಿ ಯಾರದು?"

"ನಂದೇ."

"ಬೀಗದ ಕೈ ನನ್ನ ಹತ್ರ ಇಟ್ಟುಕೊಂಡು ನಾನೇನು ಮಾಡ್ಲಿ? ನೀವೇ ಇಟ್ಕೊಳ್ರಿ. ರಾತ್ರಿ ಇಲ್ಲೇ ಇದ್ರೂ ನಡೀತದ, ಕಾವಲಿನವರ ಖರ್ಚು ಉಳೀತದ."

ಕಾಕಿ ಹಿಟ್ಟಿನ ಕೈಯಲ್ಲೇ ಅದನ್ನು ಇಸಿದುಕೊಂಡಳು. ಹೊಸ ಕಟ್ಟಡದ ಮನೆಯನ್ನು ಮಗ ಸೊಸೆಗೆ ಬಿಟ್ಟಳು. ಅವರು ವಾಡಿಯಲ್ಲಿ ಬಾಡಿಗೆಗೆ ಇದ್ದರು, ಅವರಿಗೂ ಅನುಕೂಲವಾಯಿತು. ತಾನು ಹಾಸಿಗೆ, ಟಿವಿ, ಹೂವಿನ ಸೀರೆಗಳ ಟ್ರಂಕು ತಗೊಂಡು ಹಳೆಯ ಖೋಲಿಗೆ ಬಂದಳು. ತೊಟ್ಟಿಲನ್ನು ರೊಟ್ಟಿ ಬಡಿಯುವವಳೊಬ್ಬಳ ಮೊಮ್ಮಗಳಿಗೆ ಕೊಟ್ಟಳು. ಆ ಮಳೆಗಾಲ ಛಾವಣಿ ಮತ್ತೆ ಸೋರಿತು. ಗೋದಾಮಿನವರಿಗೆ ಅರ್ಜಿ ಬರೆದುಕೊಡು ಎಂದಳು. ಬರೆದುಕೊಟ್ಟೆ, ಒಂದೇ ಒಂದು ಸಮಾಸವೂ ಇಲ್ಲದೆ. ಎಂಟು ದಿನಕ್ಕೆ ಇಬ್ಬರು ಬಂದು ಹೊಸ ತಗಡು ಹೊದಿಸಿ ಹೋದರು.